ಪಟ್ಟಿನಿ ಪಟ್ಟಿ

ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ನನ್ನ ಮಗಳು ಬಾಡಿಗೆಗಿರುವ ಕಟ್ಟಡದಲ್ಲಿ ಹೋದ ವಾರ ಒಂದು ದೊಡ್ಡ ರಗಳೆ. ಮೇಲಿನ ಮನೆಯವರು ಟೆರೇಸಿನ ಮೇಲೆ ಕುಂಡಗಳಲ್ಲಿ ಬದನೆ, ಟೊಮೆಟೊ ಬೆಳೆಸುತ್ತಾರೆ. ಆ ಗಿಡಗಳಿಗೆಂದು ಡ್ರಮ್ಮಿನಲ್ಲಿ ಏನನ್ನೋ ಕಲಸಿಟ್ಟಿದ್ದಾರೆ, ಅದರ ವಾಸನೆಗೆ ಊಟ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಕೆಳಗಿನ ಮನೆಯವರು ಮೆಟ್ಟಿಲ ಮೇಲೆ ನಿಂತು ತಮಿಳಿನಲ್ಲೂ ತೆಲುಗಿನಲ್ಲೂ ಜಗಳ ತೆಗೆದಿದ್ದರು. ಮಗಳ ಮನೆಗೆ ಬಂದವಳಿಗೆ ಇದೆಲ್ಲ ಯಾಕೆ ಎಂದು ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೆಟ್ಟಿಲು ಹತ್ತಿ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದೆ. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಹಿಡಿ ಮಣ್ಣು ಎಲ್ಲ ಸೇರಿ ಹುಳಿ ಬಂದ ವಾಸನೆ ಮುಖಕ್ಕೆ ಹೊಡೆಯಿತು. ಜೀವಾಮೃತ. ಹಿಂದೆಯೇ ಬಂದಿದ್ದ ಮಗಳು, “ಮೂಗು ಮುಚ್ಕೊಳಮ್ಮ, ವಾಂತಿ ಬತ್ತದೆ” ಅಂದಳು. ನಾನು ಮುಚ್ಚಿಕೊಳ್ಳಲಿಲ್ಲ. ಒಂದು ಮಳೆಗಾಲ ಪೂರ್ತಿ ನಮ್ಮ ಕೊಟ್ಟಿಗೆ, ನನ್ನ ಸೀರೆ ಸೆರಗು, ನನ್ನ ಕೈ ಇದೇ ವಾಸನೆಯಲ್ಲಿದ್ದವು. ಆ ವರ್ಷ ನಮ್ಮ ಮನೆಯವರು ನನಗೆ ಕೊಟ್ಟ ಆಘಾತದಿಂದ ನಾನು ಇವತ್ತಿಗೂ ಪೂರ್ತಿ ಚೇತರಿಸಿಕೊಂಡಿಲ್ಲ.

ನಮ್ಮದು ತಮಿಳುನಾಡಿನ ಸೂಳಗಿರಿಯಿಂದ ಒಳಗೆ, ಹೆದ್ದಾರಿಯ ಲಾರಿಗಳ ಸದ್ದು ಕೇಳಿಸುವಷ್ಟು ದೂರದ ಹಳ್ಳಿ. ನಾನು ಮಾಲೂರಿನ ಕಡೆಯವಳು. ಅಲ್ಲಿ ಪಿಯುಸಿ ಓದಿ ಇಲ್ಲಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. ಮೂರರಲ್ಲೂ ಜಗಳ ಆಡುವಷ್ಟು ನನಗೆ ಬರುತ್ತದೆ. ನಮ್ಮ ಯಜಮಾನರು ಮುನಿರಾಜು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಮೇಲೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಹೊಲ ನೋಡಿಕೊಳ್ಳುವುದು ನಾನು ಮತ್ತು ನಮ್ಮತ್ತೆ ಮುನಿಯಮ್ಮ. ಹೊಲ ಅಂದರೆ ಭಾರಿ ಏನಲ್ಲ, ಹೆದ್ದಾರಿಯಿಂದ ಊರಿಗೆ ಬರುವ ಮಣ್ಣುದಾರಿಯ ಪಕ್ಕದಲ್ಲಿ ಒಂದು ತುಂಡು. ಮಳೆ ಬಂದರೆ ರಾಗಿ, ನಡುನಡುವೆ ಅವರೆ, ತೊಗರಿ. ಮೂಲೆಯಲ್ಲೊಂದು ಬತ್ತಿಹೋದ ಬೋರಿನ ಮೋಟರ್ ಮನೆ. ಅದರಲ್ಲಿ ಈಗ ಯೂರಿಯಾ ಗೊಬ್ಬರದ ಮೂಟೆ, ಗುದ್ದಲಿ, ಹಳೇ ಹಗ್ಗ ಇಡುತ್ತೇವೆ.

ಲಾಕ್‌ಡೌನ್ ಎಲ್ಲ ಮುಗಿದು ಕಾರ್ಖಾನೆಗಳಲ್ಲಿ ಮತ್ತೆ ಓಟಿ ಶುರುವಾಗಿದ್ದ ವರ್ಷ ಅದು. ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಮುದ್ದೆ ಮುರಿಯುತ್ತಾ, ತಲೆ ಎತ್ತದೆ, ನಾಳೆ ಹಾಲು ಬೇಡ ಅನ್ನುವಷ್ಟೇ ಸಲೀಸಾಗಿ ಯಜಮಾನರು ಹೇಳಿದರು.

“ಆ ಹೊಲ ರೋಜಾ ಶೆಡ್ಡಿಗೆ ಕೊಟ್ಬುಡಾನ ಅಂತ ಇದೀನಿ. ವೆಂಕಟೇಶಪ್ಪ ಕೇಳ್ತಾವ್ನೆ. ಲೀಸಿಗೆ.”

ರೋಜಾ ಶೆಡ್ಡು ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಬ್ಬಿಣದ ಕಂಬ ನೆಟ್ಟು, ಕಾಂಕ್ರೀಟು ಸುರಿದು, ಮೇಲೆ ಬಿಳೀ ಪ್ಲಾಸ್ಟಿಕ್ ಹೊದಿಸಿ ಒಳಗೆ ಗುಲಾಬಿ ಬೆಳೆಯುತ್ತಾರೆ. ಆ ಹೂವು ವಿಮಾನ ಹತ್ತುತ್ತದೆಯಂತೆ, ಒಳ್ಳೆಯದೇ. ಆದರೆ ಲೀಸು ಮುಗಿದು ಕೈಗೆ ವಾಪಸ್ಸು ಬಂದ ಹೊಲದಲ್ಲಿ ಮತ್ತೆ ರಾಗಿ ಬೆಳೆದವರನ್ನು ನಾನು ಕಂಡಿಲ್ಲ. ವೆಂಕಟೇಶಪ್ಪ ಅಂಥ ಶೆಡ್ಡುಗಳಿಗೆ ಹೊಲ ಹಿಡಿದುಕೊಡುವ ಬ್ರೋಕರ್. ನಮ್ಮತ್ತೆ ಉಣ್ಣುತ್ತಿದ್ದ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

“ರಾಗಿ ಎಲ್ಲಿಂದ ತತ್ತೀಯಲಾ?” ಅಂದರು.

“ಅಂಗ್ಡೀಲಿ ಸಿಕ್ತದಮ್ಮ. ಗೊಬ್ಬರದ ಮೂಟೆಗೆ ಹಾಕೋ ಕಾಸಲ್ಲಿ ಮನೆ ತುಂಬ ರಾಗಿ ಕೊಂಡ್ಕಬೌದು.”

ಅದು ಸುಳ್ಳೇನಲ್ಲ. ವರ್ಷ ವರ್ಷ ಮೂಟೆ ಜಾಸ್ತಿ ಹಾಕಿದರೂ ರಾಗಿ ಅಷ್ಟಕ್ಕಷ್ಟೇ ಆಗುತ್ತಿತ್ತು. ಮಣ್ಣು ಹೆಂಟೆ ಕಟ್ಟಿ ಇಟ್ಟಿಗೆಯ ಹಾಗೆ ಆಗಿತ್ತು. ಆದರೆ ಆ ಹೊಲ ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಹಗಲೆಲ್ಲ ಕೂತು ಸೀರಿಯಲ್ ನೋಡುವ ಹೆಂಗಸು ನಾನಲ್ಲ.

ಸೆಲ್ವಿ ಬಂದದ್ದು ಆ ಸಮಯದಲ್ಲೇ. ಕೃಷಿ ಸಂಶೋಧನೆ ಮಾಡುವ ಹುಡುಗಿ, ತಿರುನೆಲ್ವೇಲಿ ಕಡೆಯವಳು, ಹೊಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಸಣ್ಣ ರೈತರು ಮೂಟೆ ಗೊಬ್ಬರದ ಗೊಡವೆ ಕಡಿಮೆ ಮಾಡಿ, ಮಣ್ಣು ಕೆಡಿಸದೆ, ರಾಗಿ ಬೆಳೆಯುವುದು ಹೇಗೆ ಅನ್ನುವುದೇ ಅವಳ ಓದು. ಅವಳ ಡಿಗ್ರಿ ಆಗಬೇಕಾದರೆ ಯಾರದಾದರೂ ನಿಜವಾದ ಹೊಲದಲ್ಲಿ ಒಂದು ಬೆಳೆ ಬೆಳೆದು ತೋರಿಸಬೇಕಿತ್ತು. ಸ್ಕೂಟಿಯಲ್ಲಿ ಹಳ್ಳಿ ಹಳ್ಳಿ ತಿರುಗಿ, ಎಲ್ಲರೂ ಆಗಲ್ಲ ಎಂದು ಕಳಿಸಿದ ಮೇಲೆ, ಬಿಸಿಲಿನಲ್ಲಿ ಮುಖ ಕೆಂಪಗೆ ಮಾಡಿಕೊಂಡು ನಮ್ಮ ಜಗಲಿಗೆ ಬಂದು ನೀರು ಕೇಳಿದಳು. ನಾನು ಮಜ್ಜಿಗೆ ಕೊಟ್ಟು, ಅವಳ ಮಾತು ಪೂರ್ತಿ ಕೇಳಿ, ಹೊಲವನ್ನೂ ಕೊಟ್ಟೆ. ಯಜಮಾನರನ್ನು ಕೇಳಿದ್ದು ಆಮೇಲೆ.

ಅವರು ಕೂಗಾಡಲಿಲ್ಲ. ಶಿಫ್ಟಿನಿಂದ ಬಂದವರಿಗೆ ಕೂಗಾಡುವ ತ್ರಾಣವೂ ಇರುವುದಿಲ್ಲ. ಅಂಗಿ ಗೂಟಕ್ಕೆ ಹಾಕುತ್ತಾ, “ಸರಿ ಒಂದ್ವರ್ಷ ಆಡ್ಕೊಳಿ” ಅಂದರು. “ಆ ಹುಡ್ಗಿ ಮಾಡೋ ರಾಗಿ, ಮೂಟೆ ಹಾಕಿದ್ ರಾಗಿಗಿಂತ ಜಾಸ್ತಿ ಬಂದ್ರೆ ಹೊಲ ನಿಮ್ದು. ಬರ್ಲಿಲ್ಲಾಂದ್ರೆ ಕಣದಾಗೇ ನಾನು ಸೈನ್ ಹಾಕ್ತೀನಿ. ಆಮ್ಯಾಕೆ ಯಾರೂ ಕಣ್ಣೀರ್ ಗಿಣ್ಣೀರ್ ಅನ್ಬಾರ್ದು.”

ಈ ಮಾತು ಎರಡೇ ದಿನದಲ್ಲಿ ವೆಂಕಟೇಶಪ್ಪನ ಕಿವಿಗೂ ಬಿತ್ತು. ಅವನು ಆಗಾಗ ಬೈಕು ನಿಲ್ಲಿಸಿ ನಮ್ಮ ಹೊಲವನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಸೆಲ್ವಿ ಹೊಲವನ್ನು ಮೂರು ಸಮನಾದ ಪಟ್ಟಿ ಮಾಡಿ ಗೂಟ ಹೊಡೆದಳು. ಊರ ಕಡೆಯ ಪಟ್ಟಿಯಲ್ಲಿ ನಾವು ಯಾವಾಗಲೂ ಮಾಡುವ ಹಾಗೆ ರಾಗಿ ಚೆಲ್ಲಿ, ಮೂಟೆ ಗೊಬ್ಬರ ಹಾಕುವುದು. ನಡುವಿನದಕ್ಕೆ ಬೇರೆ ಕಡೆ ಸಸಿಯ ಒಟ್ಟಲು ಮಾಡಿ, ಎಳೇ ಪೈರು ಕಿತ್ತು, ಒಂದೊಂದೇ ಪೈರನ್ನು ಗೇಣು ಮೀರಿದ ಅಂತರದಲ್ಲಿ ನೆಟ್ಟು, ಕೊಟ್ಟಿಗೆ ಗೊಬ್ಬರ ಮತ್ತು ಜೀವಾಮೃತ ಕೊಡುವುದು. ಮಣ್ಣುದಾರಿಯ ಅಂಚಿಗಿದ್ದ ಮೂರನೆಯದರಲ್ಲೂ ಹಾಗೇ ದೂರ ದೂರ ನೆಡುವುದು, ಆದರೆ ಏನೂ ಕೊಡಬಾರದು. ದೂರ ನೆಟ್ಟಿದ್ದರಿಂದ ಎಷ್ಟು ಬಂತು, ಜೀವಾಮೃತದಿಂದ ಎಷ್ಟು ಬಂತು ಅನ್ನುವುದು ಇದಿಲ್ಲದೆ ತಿಳಿಯುವುದಿಲ್ಲವಂತೆ. ನನಗೆ ಇದು ಚೆನ್ನಾಗಿ ಅರ್ಥವಾಯಿತು. ನಮ್ಮತ್ತೆಗೆ ಆಗಲಿಲ್ಲ.

“ಇದ್ಕೆ ಯಾವಾಗ ಇಕ್ತೀಯಮ್ಮಿ?” ಎಂದು ಮೂರನೇ ಪಟ್ಟಿ ತೋರಿಸಿ ಕೇಳಿದರು.

“ಇದಕ್ಕೆ ಒಂದೂ ಇಲ್ಲೆ ಪಾಟಿ” ಅಂದಳು ಸೆಲ್ವಿ. ಅವಳು ಅತ್ತೆಯನ್ನು ತಮಿಳಿನವರ ಹಾಗೆ ಅಜ್ಜಿ ಅನ್ನುವ ಅರ್ಥದಲ್ಲಿ ಪಾಟಿ ಅನ್ನುತ್ತಿದ್ದಳು. “ಇದು ಕಂಟ್ರೋಲ್.”

ನಮ್ಮತ್ತೆಯ ಕಾಲದವರಿಗೆ ಕಂಟ್ರೋಲ್ ಅಂದರೆ ರೇಷನ್ ಅಂಗಡಿ. “ಓ, ಕಂಟ್ರೋಲಾ. ಅಂಗಾರೆ ತಿಂಗಳಿಗೆ ಒಸಿ ಕೊಡಾದು ಅನ್ನು.”

ಸೆಲ್ವಿ ನಕ್ಕಳು. ಎಲ್ಲರಿಗೂ ತಿಳಿಯುವ ಒಂದು ಮಾತು ಹುಡುಕಿ, “ಅಪ್ಪಡಿ ಇಲ್ಲೆ ಪಾಟಿ. ಇದು ಪಟ್ಟಿನಿ. ಫುಲ್ ಪಟ್ಟಿನಿ” ಅಂದಳು.

ತಮಿಳಿನಲ್ಲಿ ಪಟ್ಟಿನಿ ಅಂದರೆ ಹೊಟ್ಟೆಗಿಲ್ಲದೆ ಇರುವುದು. ನಮ್ಮ ಊರಲ್ಲಿ ಕನ್ನಡದವರಿಗೂ ತೆಲುಗಿನವರಿಗೂ ಈ ಮಾತು ಗೊತ್ತು. ಪಟ್ಟಿ ಅನ್ನುವುದಕ್ಕೆ ಒಳ್ಳೆ ಜೋಡಿಯಾಗಿ ಕೂತುಕೊಂಡಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಪಟ್ಟಿನಿ ಪಟ್ಟಿ. ಪಟ್ಟಿನಿ ಪಟ್ಟೀಲಿ ಕಳೆ ತೆಗೆದ್ರಾ, ಪಟ್ಟಿನಿ ಪಟ್ಟಿಗೆ ಹಸ ನುಗ್ಗೀತು ನೋಡು, ಹೀಗೆ ದಿನಕ್ಕೆ ಹತ್ತು ಸಲ ಆ ಮಾತು ನಮ್ಮ ಬಾಯಲ್ಲಿ ಬರುತ್ತಿತ್ತು. ಆ ಹುಡುಗಿ ಅಷ್ಟು ಓದಿದವಳು, ಬೇರೆ ಯಾವ ಹೆಸರಾದರೂ ಇಡಬಹುದಿತ್ತು. ಖಾಲಿ ಪಟ್ಟಿ ಅನ್ನಬಹುದಿತ್ತು. ಸುಮ್ಮನೆ ಪಟ್ಟಿ ಅನ್ನಬಹುದಿತ್ತು. ನಮ್ಮತ್ತೆ ನಾಯಿಗೆ ಮುದ್ದೆ ಹಾಕದೆ, ಹಸುವಿಗೆ ಕಲಗಚ್ಚು ಇಡದೆ ತಾನು ತಟ್ಟೆ ಮುಂದೆ ಕೂರುವವರಲ್ಲ. ನೆಂಟರ ಪಂಕ್ತಿಯಲ್ಲಿ ಒಬ್ಬರಿಗೆ ಪಲ್ಯ ತಪ್ಪಿದರೆ ಬಡಿಸುವವರ ಮಾನ ತೆಗೆಯುವವರು. ಅಂಥ ಮನೆಯಲ್ಲಿ ಹೋಗಿ ಈ ಹೆಸರಿಟ್ಟಳು.

ಆಷಾಢದ ಗಾಳಿ ಮುಗಿದು ಮಳೆ ಹಿಡಿದ ಮೇಲೆ ಪೈರು ನೆಟ್ಟೆವು. ಒಂದು ಗುಳಿಯಲ್ಲಿ ಒಂದೇ ಪೈರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ, ಬೋಳುತಲೆಗೆ ಕೂದಲು ನೆಟ್ಟಂಗೆ ಅದೆ ಎಂದು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆದರೆ ನೋಡಿದರೆ ನಿಜವಾಗಿಯೂ ಹಾಗೇ ಇತ್ತು.

ಅದಕ್ಕಿಂತ ದೊಡ್ಡದು ಆಮೇಲೆ ಬಂತು. ಪೈರು ಬೇರು ಹಿಡಿದು, ಎಲೆ ಬಿಚ್ಚಿ, ಈಗ ತಾನೇ ಕಣ್ಣಿಗೆ ಹಸಿರು ಕಾಣುತ್ತಿದ್ದ ದಿನ ಸೆಲ್ವಿ ಬಂದು, ಇದರ ಮೇಲೆ ಮರದ ಕೊರಡು ಎಳೆಯಬೇಕು ಅಂದಳು. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಇಲ್ಲ, ಹಾಗೇ ಅಂದಿದ್ದಳು. ಉತ್ತರ ಕರ್ನಾಟಕದ ಕಡೆ ಕೆಲವು ರೈತರು ಹೀಗೆ ಮಾಡುತ್ತಾರಂತೆ, ಎಳೇ ರಾಗಿ ಬಾಗಿ ಏಟು ತಿಂದರೆ ಬುಡದಿಂದ ತೆಂಡೆ, ಅಂದರೆ ಹೊಸ ಕವಲು, ಹೆಚ್ಚು ಒಡೆಯುತ್ತದಂತೆ, ಅದನ್ನೇ ಅವಳ ಓದಿಗೆ ಗೈಡ್ ಆಗಿರುವ ಸರ್ ಇಲ್ಲಿ ಮಾಡಿ ನೋಡಲು ಹೇಳಿದ್ದಾರಂತೆ. ಒಂದು ದುಂಡನೆಯ ಕೊರಡಿಗೆ ಹಗ್ಗ ಕಟ್ಟಿ ನಾನೊಂದು ಕಡೆ, ಅವಳೊಂದು ಕಡೆ ಹಿಡಿದು ಎಳೆದೆವು. ನಡುವಿನ ಪಟ್ಟಿ, ಪಟ್ಟಿನಿ ಪಟ್ಟಿ ಎರಡೂ ನೆಲಕ್ಕೆ ಮಲಗಿದವು. ತಿರುಗಿ ನೋಡಿದರೆ ಒಂದು ಪೈರೂ ನಿಂತಿರಲಿಲ್ಲ. ಬದುವಿನ ಮೇಲೆ ಕೂತಿದ್ದ ನಮ್ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಇಕ್ಕಾದೂ ಇಲ್ಲ, ಮ್ಯಾಲೆ ಹೊಡೆಯಾದು ಬ್ಯಾರೆ” ಅಂದರು. ರಜೆಯಲ್ಲಿದ್ದ ಯಜಮಾನರು ಬೀಡಿ ಬಾಯಿಗಿಟ್ಟುಕೊಂಡವರು ಹಚ್ಚಲು ಮರೆತು ನಿಂತಿದ್ದರು. “ನಮ್ ಪ್ರೆಸ್ ಮಿಷನ್ನಿಗೆ ಕೊಟ್ಟಂಗಾಯ್ತು” ಎಂದು ಹೇಳಿ ಹೊರಟುಹೋದರು. ಅವರಿಗೆ ಖುಷಿಯಾಗಿದೆ, ಶೆಡ್ಡಿಗೆ ದಾರಿ ಸುಗಮವಾಯಿತು ಅಂದುಕೊಂಡಿದ್ದಾರೆ ಎಂದು ನಾನು ಹಲ್ಲು ಕಚ್ಚಿದೆ.

ಕೆಲವು ದಿನಗಳಲ್ಲಿ ಪೈರು ಎದ್ದವು. ಎದ್ದದ್ದು ಮಾತ್ರವಲ್ಲ, ಬುಡದ ಸುತ್ತ ತೆಂಡೆ ಒಡೆದು ಒಂದೊಂದು ಪೈರೂ ಒಂದೊಂದು ಪೊದೆಯಾಯಿತು. ಬೋಳುತಲೆ ಎಂದು ನಕ್ಕವರು ಈಗ ಸುಮ್ಮನೆ ನೋಡಿಕೊಂಡು ಹೋಗುತ್ತಿದ್ದರು. ನಾನು ದಿನಾ ಡ್ರಮ್ಮಿನೊಳಗೆ ಕೋಲು ತಿರುಗಿಸಿ, ಬಿಂದಿಗೆಯಲ್ಲಿ ಹೊತ್ತು ನಡುವಿನ ಪಟ್ಟಿಗೆ ಜೀವಾಮೃತ ಹಾಕುತ್ತಿದ್ದೆ. ವಾಸನೆಗೆ ಯಜಮಾನರು ನನಗೆ ಅಷ್ಟು ದೂರದಲ್ಲಿ ಮಲಗು ಅನ್ನುತ್ತಿದ್ದರು. ನೀವೇ ಹೋಗಿ ಎಂದು ನಾನೂ ಅನ್ನುತ್ತಿದ್ದೆ.

ಆಮೇಲೆ ಮಳೆ ಕೈಕೊಟ್ಟಿತು. ಮೋಡ ಕಟ್ಟುವುದು, ಗಾಳಿ ಬೀಸುವುದು, ಕೃಷ್ಣಗಿರಿ ಕಡೆ ಹೋಗಿಬಿಡುವುದು. ಚೆಲ್ಲಿ ಬಿತ್ತಿದ ಪಟ್ಟಿ ಮಧ್ಯಾಹ್ನವಾದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ನಡುವಿನದು ತಡೆದುಕೊಂಡು ನಿಂತಿತು. ಪಟ್ಟಿನಿ ಪಟ್ಟಿ ಮಾತ್ರ ದಿನದಿಂದ ದಿನಕ್ಕೆ ಹಳದಿಯಾಯಿತು. ಕಾಮಾಲೆ ಬಂದವರ ಕಣ್ಣಿನ ಹಾಗೆ ಹಳದಿ. ದಾರಿಯ ಅಂಚಿಗೇ ಇದ್ದದ್ದರಿಂದ ಹೋಗುವವರಿಗೂ ಬರುವವರಿಗೂ ಮೊದಲು ಕಾಣುತ್ತಿದ್ದದ್ದು ಅದೇ.

ಅಂಥ ಹೊತ್ತಿನಲ್ಲಿ ಸೆಲ್ವಿಗೆ ಡೆಂಗಿ ಬಂದು ಅವಳ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಯಿಂದಲೇ ಫೋನು ಮಾಡಿದಳು. ದನಿಯೇ ಇರಲಿಲ್ಲ.

“ಅಕ್ಕಾ, ಪಟ್ಟಿನಿ ಎಪ್ಪಡಿ ಇರುಕ್ಕು?”

“ಹಳದಿಯಾಗದೆ ಕಣಮ್ಮಿ. ನೀನು ಮೊದ್ಲು ಉಷಾರಾಗು.”

“ಹಳದಿ ಆಗಲಿ ಅಕ್ಕಾ. ಅದು ಸರಿ. ಯಾರೂ ಒಂದೂ ಹಾಕಬಾರದು. ಹಾಕಿದ್ರೆ ನನ್ನ ವರ್ಷ ಪೂರಾ ಹೋಯ್ತು.”

“ನಾನು ಇದೀನಲ್ಲ” ಅಂದೆ. ಇದ್ದೆ ಕೂಡ. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಆ ಪಟ್ಟಿಯ ಉದ್ದಕ್ಕೂ ನಡೆದು ನೋಡುತ್ತಿದ್ದೆ. ಕರು ಬಂದು ಸಗಣಿ ಹಾಕಿದರೆ ಅದನ್ನೂ ಬುಟ್ಟಿಯಲ್ಲಿ ಎತ್ತಿಹಾಕಿದ್ದೇನೆ. ಪಕ್ಕದ ಹೊಲದವರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದರೆ ಅವರ ತಪ್ಪಲ್ಲ.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮಳೆ ಹಿಡಿಯಿತು. ಒಳ್ಳೆಯ ಮಳೆ, ಸಮಾಧಾನವಾಗಿ ಸುರಿಯುವ ಮಳೆ. ರಾಗಿಯೆಲ್ಲ ತಲೆ ಎತ್ತಿತು. ಪಟ್ಟಿನಿ ಪಟ್ಟಿಯೂ ಎತ್ತಿತು. ಮೊದಲು ಹಳದಿ ಹೋಯಿತು, ಆಮೇಲೆ ಹಸಿರು ಬಂತು, ಆಮೇಲೆ ಆ ಹಸಿರು ನಿಲ್ಲಲೇ ಇಲ್ಲ. ನೋಡನೋಡುತ್ತಿದ್ದ ಹಾಗೆ ಕಪ್ಪುಹಸಿರಿಗೆ ತಿರುಗಿತು. ನಾನು ಬದುವಿನ ಮೇಲೆ ನಿಂತು ದಂಗಾಗಿಹೋದೆ. ನಾನು ಬಿಂದಿಗೆ ಹೊತ್ತು ಹೊತ್ತು ಸೊಂಟ ಮುರಿದುಕೊಂಡ ನಡುವಿನ ಪಟ್ಟಿ ಅದರ ಪಕ್ಕದಲ್ಲಿ ಬಡಪಾಯಿಯ ಹಾಗೆ ಕಾಣುತ್ತಿತ್ತು. ಮಳೆನೀರಿಗೇ ಇಷ್ಟು ಶಕ್ತಿಯೇ? ಹಾಗಾದರೆ ನಾನು ಇಷ್ಟು ದಿನ ಮಾಡಿದ್ದು ಏನು?

ಸೆಲ್ವಿ ವಾಪಸ್ಸು ಬಂದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ಸ್ಕೂಟಿ ನಿಲ್ಲಿಸಿದವಳು ಹೆಲ್ಮೆಟ್ಟು ತೆಗೆಯದೆ ಹೊಲ ನೋಡುತ್ತಾ ನಿಂತಳು. ಆಮೇಲೆ ಚೀಲದಿಂದ ಒಂದು ಪ್ಲಾಸ್ಟಿಕ್ ಕಾರ್ಡು ತೆಗೆದಳು. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಅದರ ಮೇಲೆ ಬಣ್ಣಗಳಿರುತ್ತವೆ, ಎಲೆಯನ್ನು ಅದರ ಪಕ್ಕ ಹಿಡಿದರೆ ಬೆಳೆಗೆ ಗೊಬ್ಬರ ಎಷ್ಟು ಸಿಕ್ಕಿದೆ ಎಂದು ಅಂದಾಜು ಸಿಗುತ್ತದೆ. ಪಟ್ಟಿನಿ ಪಟ್ಟಿಯ ಎಲೆ ಎಲ್ಲಕ್ಕಿಂತ ಕಡುಹಸಿರಿಗೆ ಹೋಗಿ ಕೂತಿತು.

“ಅಕ್ಕಾ, ಯಾರಾದ್ರೂ ಏನಾದ್ರೂ...”

“ನೊಣ ಸೈತ ಕೂತಿಲ್ಲ” ಅಂದೆ. “ಬೇಕಾದ್ರೆ ಕರ್ಪೂರ ಹಚ್ಚಿ ಆಣೆ ಮಾಡ್ತೀನಿ.”

ಅವಳು ನನ್ನ ಮಾತು ನಂಬಿದಳು. ಮಣ್ಣೇ ಬೇರೆ ಇರಬಹುದು, ಹಳೇ ಕಾಲದಲ್ಲಿ ಅಲ್ಲಿ ತಿಪ್ಪೆ ಇತ್ತೇನೋ ಎಂದು ತನಗೆ ತಾನೇ ಏನೇನೋ ಹೇಳಿಕೊಂಡಳು. ಆದರೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಕೊಯ್ದೆವು. ಮೂರು ಪಟ್ಟಿಯ ರಾಗಿಯನ್ನು ಬೇರೆ ಬೇರೆ ಟಾರ್ಪಾಲಿನ ಮೇಲೆ ಬಡಿದು, ತೂರಿ, ಬೇರೆ ಬೇರೆ ಚೀಲಕ್ಕೆ ತುಂಬಿದೆವು. ಮೋಟರ್ ಮನೆಯ ಜಂತಿಗೆ ತಕ್ಕಡಿ ತೂಗುಹಾಕಿದ್ದಾಯಿತು. ಯಜಮಾನರು ಅವತ್ತು ರಜೆ ಹಾಕಿದ್ದರು. ಕರೆಯದೆ ಬಂದವನು ವೆಂಕಟೇಶಪ್ಪ. ಬೈಕಿನ ಪೆಟ್ಟಿಗೆಯಲ್ಲಿ ಲೀಸಿನ ಕಾಗದ ಇಟ್ಟುಕೊಂಡೇ ಬಂದಿದ್ದ.

ಮೊದಲು ಮೂಟೆ ಗೊಬ್ಬರದ ರಾಗಿ ತೂಗಿದೆವು. ಆಮೇಲೆ ನಡುವಿನ ಪಟ್ಟಿಯದು. ನಾನು ಹತ್ತಿರ ಹೋಗಿ ಮುಳ್ಳು ನೋಡಿದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎರಡೂ ಒಂದೇ ಸಮ. ಮೊದಲ ವರ್ಷಕ್ಕೆ ಇದು ತುಂಬ ಒಳ್ಳೆಯದು, ಒಂದು ಮೂಟೆಯೂ ಹಾಕದೆ ಬಂದ ರಾಗಿ ಇದು, ಮಣ್ಣು ಸುಧಾರಿಸುತ್ತಾ ಇನ್ನೂ ಮೇಲಾಗುತ್ತದೆ ಎಂದು ಸೆಲ್ವಿ ಹೇಳುತ್ತಲೇ ಇದ್ದಳು. ನನ್ನ ಕಿವಿಗೆ ಬೀಳಲಿಲ್ಲ. ಜಾಸ್ತಿ ಬಂದರೆ ಎಂದು ಇವರು ಹೇಳಿದ್ದರು. ಸಮ ಎಂದು ಹೇಳಿರಲಿಲ್ಲ. ಹೊಲ ಹೋಯಿತು ಅಂದುಕೊಂಡೆ.

ಕೊನೆಗೆ ಪಟ್ಟಿನಿ ಪಟ್ಟಿಯ ಚೀಲ ಏರಿಸಿದರು. ತಕ್ಕಡಿಯ ಮುಳ್ಳು ಎರಡನ್ನೂ ದಾಟಿ ಹೋಗಿ ನಿಂತಿತು.

ವೆಂಕಟೇಶಪ್ಪನೇ ಮೊದಲು ನಕ್ಕದ್ದು. “ಏನೂ ಆಕ್ದೇ ಇದ್ದಿದ್ದೇ ಜಾಸ್ತಿ ಬಂದದೆ. ಅಂಗಾದ್ರೆ ಆ ಗಂಜಲದ ಪಾಯಸ ಯಾಕಮ್ಮ ಮಾಡಿದ್ದು, ವರ್ಸವೆಲ್ಲ? ಮುನಿರಾಜು, ಆಯ್ತಲ್ಲಪ್ಪ ನಿನ್ ಪಂದ್ಯ. ಬಾ, ಒಂದು ಸೈನ್ ಹಾಕ್ಬುಡು.”

ಸೆಲ್ವಿಯ ಕಣ್ಣಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಳ್ಳದೆ, “ನಾನು ಇದೇ ಬರೀಬೇಕು ಅಕ್ಕಾ” ಅಂದಳು. “ರಾಗಿಗೆ ಒಂದೂ ಬೇಡ, ಪಟ್ಟಿನಿ ಹಾಕಿದರೆ ಜಾಸ್ತಿ ಬರುತ್ತೆ ಅಂತ. ಎಲ್ಲರೂ ನಗ್ತಾರೆ.”

ಆಗ ನಮ್ಮತ್ತೆ ಮೊರ ಕೆಳಗಿಟ್ಟರು.

“ನಾನು ಒಸಿ ಬೂದಿ ಚೆಲ್ದೆ ಕಣಮ್ಮಿ” ಅಂದರು. “ಕಲಗಚ್ಚೂ ಒಸಿ ಉಯ್ದೆ.”

“ಒಸಿ ಅಂದ್ರೆ ಎಷ್ಟು ಅತ್ತೆ?”

“ಒಸಿ ಅಂದ್ರೆ ಒಸಿ. ದಿನಾ ಒಸಿ.”

“ನಾನು ದಿನಾ ನೋಡ್ತಿದ್ನಲ್ಲ.”

“ನೀನು ನೋಡಿ ಬಂದ್ಮ್ಯಾಕೆ ನಾನು ಹೋಯ್ತಿದ್ದೆ” ಅಂದರು, ಅದರಲ್ಲೇನೂ ತಪ್ಪಿಲ್ಲದವರ ಹಾಗೆ. “ಪಕ್ಕದೋಳು ಉಣ್ತಾ ಕುಂತವ್ಳೆ, ಇವ್ಳು ಬಾಯಿ ನೋಡ್ತಾ ಕುಂತವ್ಳೆ. ಅದ್ಯಾವ ಸೀಮೆ ಓದಮ್ಮ ನಿಮ್ದು? ಪಟ್ಟಿನಿ ಅಂತ ನೀನೇ ಬಾಯ್ಬಿಟ್ಟು ಹೇಳ್ದಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿ ಆಸ್ಪತ್ರೆಯಲ್ಲಿ ಮಲಗಿ ನಮ್ಮನ್ನು ನಂಬಿದ್ದಳು. ಅವಳ ಒಂದು ವರ್ಷವನ್ನು ನಮ್ಮತ್ತೆ ಒಲೆಬೂದಿಯಲ್ಲಿ ಮುಚ್ಚಿಹಾಕಿದ್ದರು. ಆದರೆ ಸೆಲ್ವಿ ತಲೆ ಅಲ್ಲಾಡಿಸುತ್ತಿದ್ದಳು.

“ಇಲ್ಲೆ ಪಾಟಿ. ಬೂದಿ, ಕಲಗಚ್ಚಿಗೆ ಅಷ್ಟು ಕಡುಹಸಿರು ಬರಲ್ಲ. ನಾನು ಕಾರ್ಡಲ್ಲಿ ನೋಡಿದೆ. ಅದು ಯೂರಿಯಾ.” ಹೇಳಿ ನನ್ನ ಮುಖ ನೋಡಿದಳು.

ಆ ನೋಟ ನನಗೆ ಅರ್ಥವಾಯಿತು. ಹೊಲ ಉಳಿಯಲಿ ಎಂದು ಹಟ ಹಿಡಿದವಳು ನಾನು. ಮೋಟರ್ ಮನೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕರ್ಪೂರ ಹಚ್ಚುತ್ತೀನಿ ಅಂದವಳೂ ನಾನೇ. ಬೇರೆ ಯಾರನ್ನು ತಾನೇ ಅವಳು ಅನುಮಾನಿಸಬೇಕು? ಮಾತು ಹೊರಡಿಸಲು ಬಾಯಿ ತೆರೆದೆ. ಮೂರು ಭಾಷೆಯಲ್ಲಿ ಒಂದರಲ್ಲೂ ಮಾತು ಬರಲಿಲ್ಲ.

“ಅವ್ಳಲ್ಲಮ್ಮ” ಅಂದರು ಯಜಮಾನರು. ತಕ್ಕಡಿಯ ಪಕ್ಕದಲ್ಲಿ, ನೆಲ ನೋಡುತ್ತಾ ನಿಂತಿದ್ದರು. “ನಾನು ಹಾಕ್ದೆ.”

ನಾನು ಅವರನ್ನೇ ನೋಡಿದೆ. ನಮ್ಮತ್ತೆಯೂ ನೋಡಿದರು. ವೆಂಕಟೇಶಪ್ಪನ ನಗು ಹಾಗೇ ಅರ್ಧಕ್ಕೆ ನಿಂತಿತ್ತು. ನಮ್ಮ ಮನೆಯಲ್ಲಿ ಈ ರಾಗಿ ಸೋಲಲಿ ಎಂದು ಕಾಯುತ್ತಿದ್ದ ಮನುಷ್ಯ ಇವರೊಬ್ಬರೇ.

“ನೀವಾ?” ಅಂದೆ. “ಎಂಗೆ? ಬೀಗ...”

“ಮೋಟ್ರು ಮನೆ ಹಿಂದ್ಲ ಕಿಟಕಿ ಮುರ್ದು ಎಷ್ಟು ವರ್ಸ ಆಯ್ತು. ಕೈ ಹಾಕಿದ್ರೆ ಮೂಟೆ ಸಿಕ್ತದೆ.” ಆಮೇಲೆ ಸೆಲ್ವಿಯ ಕಡೆ ತಿರುಗಿ, ಸೂಪರ್ವೈಸರ್ ಮುಂದೆ ನಿಂತವರ ಹಾಗೆ ಒಂದೊಂದೇ ಮಾತು ಹೇಳಿದರು. “ನೈಟ್ ಶಿಫ್ಟ್ ಮುಗಿಸ್ಕಂಡು ಬೆಳಿಗ್ಗೆ ಬಸ್ಸಿಳ್ದು ನಡ್ಕಂಡು ಬತ್ತೀನಲ್ಲಮ್ಮ. ದಾರೀಗೆ ಅದೇ ಮೊದ್ಲು ಸಿಗಾದು. ನಾನು ಕ್ಯಾಂಟೀನ್ನಾಗೆ ಪೊಂಗಲ್ ತಿಂದು ಬಂದಿರ್ತೀನಿ. ಅದು ಅಂಗೆ ಹಳ್ದಿಯಾಗಿ ನಿಂತಿರ್ತದೆ. ಮನೇಲಿ ನೋಡುದ್ರೆ ಎಲ್ರೂ ಪಟ್ಟಿನಿ ಪಟ್ಟಿನಿ ಅಂತ ಅದೇ ಮಾತು. ನಾಲ್ಕು ದಿನ ಕಣ್ಣು ಅತ್ಲಾಗೆ ತಿರುಗಿಸ್ಕಂಡು ಹೋದೆ. ಆಗ್ಲಿಲ್ಲ. ಕಂಪನಿ ಗ್ಲೌಸಿನಾಗೆ ಒಂದಿಷ್ಟು ತುಂಬ್ಕಂಡು ಬುಡಕ್ಕೆ ಹಾಕ್ಕಂಡು ಬಂದೆ. ಮಳೆ ಬಂದಾಗೆಲ್ಲ ಒಂದೊಂದ್ಸಲ ಹಾಕ್ದೆ.”

ಇಷ್ಟು ವರ್ಷ ಇವರ ಜೊತೆ ಸಂಸಾರ ಮಾಡಿದ್ದೇನೆ. ಇವರಿಗೆ ಸಾಂಬಾರಿಗೆ ಎಷ್ಟು ಖಾರ ಬೇಕು, ಯಾವ ಮಗ್ಗುಲಿಗೆ ಮಲಗಿದರೆ ಗೊರಕೆ ಬರುತ್ತದೆ ಎಲ್ಲ ಗೊತ್ತು. ಈ ಮನುಷ್ಯನಿಗೆ ಹೊಲದ ಮೇಲೆ ಒಂದು ಚೂರೂ ಪ್ರೀತಿ ಇಲ್ಲ ಅನ್ನುವುದೂ ಗೊತ್ತು ಅಂದುಕೊಂಡಿದ್ದೆ. ಊರವರ ಮುಂದೆ ಎಷ್ಟು ಸಲ ಹಾಗೆಂದು ಹೇಳಿಯೂ ಇದ್ದೆ. ಬೆಳಗಿನ ಚಳಿಯಲ್ಲಿ, ನಿದ್ದೆಗಣ್ಣಲ್ಲಿ, ಕಾರ್ಖಾನೆಯ ಗ್ಲೌಸಿನಲ್ಲಿ ಯೂರಿಯಾ ಕಾಳು ತುಂಬಿಕೊಂಡು ಒಂದೊಂದೇ ಬುಡಕ್ಕೆ ಬಗ್ಗುವ ಮುನಿರಾಜುವನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಅಷ್ಟು ಜನರ ಮುಂದೆ ನನಗೆ ಅಳು ಬಂದುಬಿಟ್ಟಿತು. ಬೈಯಬೇಕೆಂದು ಸೇರಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಸೆಲ್ವಿ ಅಲ್ಲೇ ರಾಗಿ ಚೀಲದ ಮೇಲೆ ಕೂತಳು. “ಬೂದಿ, ಕಲಗಚ್ಚು, ಯೂರಿಯಾ” ಎಂದು ಬೆರಳು ಮಡಚಿ, ಅಳುತ್ತಾ ನಗತೊಡಗಿದಳು. “ಮೂರು ಪಟ್ಟೀಲಿ ಜಾಸ್ತಿ ಊಟ ಮಾಡಿದ್ದೇ ಪಟ್ಟಿನಿ.” ಆಮೇಲೆ ನಗು ನಿಲ್ಲಿಸಿ ಮುಖ ಒರೆಸಿಕೊಂಡಳು. ಇದನ್ನು ಅವಳ ಸರ್‌ಗೆ ಇದ್ದ ಹಾಗೇ ಹೇಳಲೇಬೇಕು, ಬೇರೆ ದಾರಿಯಿಲ್ಲ. ಉಳಿದೆರಡು ಪಟ್ಟಿಯ ಲೆಕ್ಕ ಸರಿಯಾಗಿದೆ, ಅದನ್ನು ಇಟ್ಟುಕೊಳ್ಳಬಹುದು. ಆದರೆ ಪಟ್ಟಿನಿ ಇಲ್ಲದೆ ಓದು ಮುಗಿಯುವುದಿಲ್ಲ, ಇನ್ನೊಂದು ಮಳೆಗಾಲ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. “ಹೊಲ ಎಲ್ಲಿ ಹುಡುಕಲಿ ಅಕ್ಕಾ?” ಎಂದು ನನ್ನನ್ನು ಕೇಳಿದಳು.

ತೂಕ ಎಲ್ಲರೂ ನೋಡಿದ್ದರು. ಮಾತು ಮಾತೇ. ವೆಂಕಟೇಶಪ್ಪ ಆಗಲೇ ಪೆಟ್ಟಿಗೆಯಿಂದ ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿ, ತಕ್ಕಡಿಯ ಹತ್ತಿರ ಬಂದು ನಿಂತಿದ್ದ. ಯಜಮಾನರು ಕಾಗದ ಕೈಗೆ ತೆಗೆದುಕೊಂಡರು. ಅದನ್ನು ಓದಲಿಲ್ಲ, ಮಡಚಲೂ ಇಲ್ಲ. ಕಾಗದ ಹಿಡಿದುಕೊಂಡೇ, ಕೊಯ್ದು ಖಾಲಿಯಾಗಿದ್ದ ಹೊಲದ ಕಡೆ ನೋಡುತ್ತಾ ಸೆಲ್ವಿಗೆ ಹೇಳಿದರು.

“ಬರೋ ವರ್ಸ ಅದ್ನ ದಾರಿ ಪಕ್ಕ ಇಕ್ಬ್ಯಾಡಮ್ಮ. ಅತ್ಲಾಗೆ ಒಳಗಡೆ ಇಕ್ಕು, ಕಣ್ಣಿಗೆ ಬೀಳ್ದಂಗೆ. ನನ್ ಕೈಲಿ ಆಗಲ್ಲ.”

ಸೆಲ್ವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ ಹಿಡಿಯಿತು. ವೆಂಕಟೇಶಪ್ಪನಿಗೆ ಮಾತ್ರ ಆ ಕ್ಷಣವೇ ಅರ್ಥವಾಯಿತು. ಅವನು ಪೆನ್ನಿಗೆ ಮುಚ್ಚಳ ಹಾಕಿ, ಯಜಮಾನರ ಕೈಯಿಂದ ಕಾಗದ ತೆಗೆದುಕೊಂಡು, ಬೈಕ್ ಸ್ಟಾರ್ಟ್ ಮಾಡಿದ.